ಕಂಪ್ಯೂಟರ್‌ಗೆ ಪದಗಳನ್ನು ಕಲಿಸಿದ ಗ್ರೇಸ್ ಹಾಪರ್

ಮಕ್ಕಳೇ, ಕಂಪ್ಯೂಟರ್ ಬಳಸುವಾಗ ಇಂಥದೊಂದು ತಂತ್ರಾಂಶ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಮಗೆ ಅನಿಸಿದೆಯೇ? ತಂತ್ರಾಂಶವೆಂದರೆ ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಹಂತ ಹಂತವಾಗಿ ತಿಳಿಸುವ ಆದೇಶಗಳ ಗುಂಪು. ಸುಮಾರು 70 ವರ್ಷಗಳ ಹಿಂದೆ ಗಣಿತದ ಅಧ್ಯಾಪಕಿಯೊಬ್ಬರಿಗೂ ಅಂಥದೊಂದು ಆಸೆ ಇತ್ತು. ಗಣಿತದಲ್ಲಿ ಪರಿಣತರಲ್ಲದವರೂ ಕಂಪ್ಯೂಟರ್‌ಗೆ ಪದಗಳಲ್ಲೇ ಕೆಲಸ ಹೇಳುವಂತಾಗಬೇಕು ಎಂಬುದೇ ಆ ಆಸೆ. ಅವರೇ ಅಮೆರಿಕದ ಗ್ರೇಸ್ ಹಾಪರ್.

ಗ್ರೇಸ್ 1906ರ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಅವರಲ್ಲಿ ಹುಟ್ಟಿತು. ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳು ಬಿಡಿಬಿಡಿಯಾದವು! ತಾಯಿ ಗದರಿಸಿ ಸುಮ್ಮನಾಗಿಸಲಿಲ್ಲ. ಇನ್ನು ಮುಂದೆ ಒಂದನ್ನು ಮಾತ್ರ ಬಿಚ್ಚಬಹುದು ಎಂದು ನಿಯಮ ಮಾಡಿದರು.

ಗ್ರೇಸ್ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಆಗ ಎರಡನೆಯ ಮಹಾಯುದ್ಧ ಆರಂಭವಾಯಿತು. ನೌಕಾಪಡೆ ಸೇರಲು ಅವರ ವಯಸ್ಸು ಹೆಚ್ಚು, ತೂಕ ಕಡಿಮೆ. ಆದರೂ ಪ್ರಯತ್ನ ಬಿಡದೆ, ವಿಶೇಷ ಅನುಮತಿ ಪಡೆದು 1943ರಲ್ಲಿ ಸೇರಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-1 ಎಂಬ ಯಂತ್ರದ ಬಳಿ ಅವರನ್ನು ಕೆಲಸಕ್ಕೆ ಹಾಕಲಾಯಿತು. ಅದರ ಉದ್ದ 51 ಅಡಿ. ಒಂದು ಗುಣಾಕಾರಕ್ಕೆ ಅದು ಸುಮಾರು 6 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಅದಕ್ಕೆ ಆದೇಶ ನೀಡಬೇಕಿತ್ತು.

ಒಮ್ಮೆ ಬರೆದ ಆದೇಶಗಳು ಬೇರೆ ಲೆಕ್ಕಗಳಿಗೂ ಬೇಕಾಗುತ್ತಿದ್ದವು. ಆಗ ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ಒಂದು ಅಂಕಿ ತಪ್ಪಿದರೂ ಕೆಲಸವೆಲ್ಲ ವ್ಯರ್ಥ. ಈ ನಕಲು ಮಾಡುವ ಕೆಲಸವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು ಎಂದು ಹಾಪರ್ ಯೋಚಿಸಿದರು.

ಒಂದು ಉದಾಹರಣೆ ನೋಡೋಣ. ಅಡುಗೆ ಬಲ್ಲವರಿಗೆ ಒಗ್ಗರಣೆ ಹಾಕು ಎಂದರೆ ಸಾಕು. ಎಣ್ಣೆ ಕಾಯಿಸು, ಸಾಸಿವೆ ಸಿಡಿಸು, ಕರಿಬೇವು ಹಾಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಆದೇಶಗಳ ಒಂದೊಂದು ಗುಂಪಿಗೂ ಹಾಪರ್ ಒಂದೊಂದು ಗುರುತು ಕೊಟ್ಟರು. ಗುರುತು ತಿಳಿಸಿದರೆ ಸಾಕು, ಕಂಪ್ಯೂಟರೇ ಆ ಗುಂಪನ್ನು ಹುಡುಕಿ ಜೋಡಿಸಿಕೊಳ್ಳುತ್ತಿತ್ತು. 1952ರಲ್ಲಿ ಸಿದ್ಧವಾದ ಈ ತಂತ್ರಾಂಶಕ್ಕೆ ಎ-0 ಎಂದು ಹೆಸರು. ಇಂಥ ತಂತ್ರಾಂಶವನ್ನು ಕಂಪೈಲರ್ ಎನ್ನುತ್ತಾರೆ. ಆದರೆ ಕಂಪ್ಯೂಟರ್ ಲೆಕ್ಕ ಮಾಡಬಲ್ಲದೇ ಹೊರತು ತಂತ್ರಾಂಶ ಬರೆಯಲಾರದು ಎಂದು ನಂಬಿದ್ದವರು ಅದನ್ನು ಮುಟ್ಟಲೂ ಇಲ್ಲ!

ಹಾಪರ್ ಅಷ್ಟಕ್ಕೇ ನಿಲ್ಲಲಿಲ್ಲ. ಅಂಗಡಿ, ಕಾರ್ಖಾನೆಗಳ ಲೆಕ್ಕ ನೋಡುವವರಿಗೆ ಗಣಿತದ ಚಿಹ್ನೆಗಳು ಒಗ್ಗುವುದಿಲ್ಲ ಎಂಬುದನ್ನು ಅವರು ಕಂಡಿದ್ದರು. ಅಂಥವರಿಗಾಗಿ ಇಂಗ್ಲಿಷ್ ಪದಗಳಲ್ಲಿ ಆದೇಶ ಬರೆಯುವ ವಿಧಾನವನ್ನು ಮೇಲಧಿಕಾರಿಗಳ ಮುಂದಿಟ್ಟರು. ಜೊತೆಗೆ ಅದನ್ನೇ ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ತೋರಿಸಿದರು. ಅಧಿಕಾರಿಗಳು ಗಾಬರಿಯಾದರು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಆ ಭಾಷೆಗಳು ಹೇಗೆ ತಿಳಿದಾವು ಎಂಬುದು ಅವರ ಸಂಶಯ! ಯಂತ್ರಕ್ಕೆ ಯಾವ ಭಾಷೆಯೂ ತಾಯ್ನುಡಿಯಲ್ಲ. ಯಾವ ಭಾಷೆಯ ಪದವನ್ನಾದರೂ ಅಂಕಿಗಳಿಗೆ ಬದಲಿಸಬಹುದು. ಇದನ್ನು ತಿಳಿಸಿ ಒಪ್ಪಿಸಲು ಹಾಪರ್ ಬಹಳ ಶ್ರಮಪಡಬೇಕಾಯಿತು.

ಕೊನೆಗೆ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಸಿದ್ಧವಾಯಿತು. ಅದರಲ್ಲಿ ಹೋಲಿಸು, ವರ್ಗಾಯಿಸು ಎಂಬ ಅರ್ಥದ ಇಂಗ್ಲಿಷ್ ಪದಗಳೇ ಆದೇಶಗಳಾಗಿದ್ದವು. ಅದನ್ನು ಬಹುಮಟ್ಟಿಗೆ ಆಧರಿಸಿ, 1959ರಲ್ಲಿ ಹಲವು ಸಂಸ್ಥೆಗಳ ತಜ್ಞರು ಸೇರಿ ಕೊಬಾಲ್ ಭಾಷೆಯ ರಚನೆಯನ್ನು ಆರಂಭಿಸಿದರು. ಹಾಪರ್ ಅವರಿಗೆ ಸಲಹೆಗಾರರಾಗಿದ್ದರು. ಇಂದಿಗೂ ಕೊಬಾಲ್ ಬಳಸುವ ಬ್ಯಾಂಕುಗಳಿವೆ.

ಹಿಂದಿನಿಂದ ಹೀಗೆಯೇ ಮಾಡುತ್ತಾ ಬಂದಿದ್ದೇವೆ ಎಂಬ ಮಾತು ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಅದನ್ನು ನೆನಪಿಸಲು ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದನ್ನು ಕಚೇರಿಯ ಗೋಡೆಗೆ ಹಾಕಿದ್ದರು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನೌಕಾಪಡೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನರಾದರು.

ಮಾಡಿ ನೋಡಿ: ನಿಮ್ಮ ಗೆಳೆಯ ಅಥವಾ ಗೆಳತಿಯನ್ನು ಕಂಪ್ಯೂಟರ್ ಎಂದುಕೊಳ್ಳಿ. ಗಿಡಕ್ಕೆ ನೀರು ಹಾಕಲು ಬೇಕಾದ ಆದೇಶಗಳನ್ನು ಕನ್ನಡದಲ್ಲಿ ಒಂದೊಂದಾಗಿ ಬರೆದುಕೊಡಿ. ಬರೆದಷ್ಟನ್ನು ಮಾತ್ರ ಮಾಡಬೇಕು. ಎಲ್ಲಿ ತಪ್ಪಾಯಿತು ಗಮನಿಸಿ, ತಿದ್ದಿ. ಬಳಿಕ, ನಿಮ್ಮ ಮನೆಗೆ ಅಥವಾ ಶಾಲೆಗೆ ಎಂಥ ತಂತ್ರಾಂಶ ಬೇಕು ಎಂದು ಐದು ಸಾಲು ಬರೆದು ಶಿಕ್ಷಕರಿಗೆ ತೋರಿಸಿ.