ಸ್ವಾತಂತ್ರ್ಯದ ಲೇಖನಿ ಥಾಮಸ್ ಪೇನ್

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವೆಂದೊಡನೆ ನಮ್ಮ ನೆನಪಿಗೆ ಬರುವವರು ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಮೊದಲಾದ ಮಹಾಪುರುಷರು. ಇವರಲ್ಲಿ ಒಬ್ಬನು ಸೇನೆಯನ್ನು ನಡೆಸಿದನು, ಇನ್ನೊಬ್ಬನು ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿದನು, ಮತ್ತೊಬ್ಬನು ಫ್ರಾನ್ಸಿನ ನೆರವನ್ನು ದೊರಕಿಸಿದನು. ಆದರೆ ಸ್ವಾತಂತ್ರ್ಯವೆಂಬ ಮಾತನ್ನು ಆಡಲು ನಾಯಕರೇ ಹಿಂಜರಿಯುತ್ತಿದ್ದ ದಿನಗಳಲ್ಲಿ ಅದನ್ನು ಜನಸಾಮಾನ್ಯರ ಬಾಯಲ್ಲಿ ನೆಲೆಗೊಳಿಸಿದವನು, ಶಾಲೆಯನ್ನು ಅರ್ಧಕ್ಕೇ ಬಿಟ್ಟ ಒಬ್ಬ ಬಡ ಕಸಬುದಾರನ ಮಗ. ಅವನೇ ಥಾಮಸ್ ಪೇನ್. ನಮ್ಮ ಪಠ್ಯಪುಸ್ತಕದಲ್ಲಿ ಅವನಿಗೆ ದೊರೆತಿರುವುದು ಒಂದೆರಡು ಸಾಲು ಮಾತ್ರ. ಆ ಸಾಲುಗಳ ಹಿಂದಿರುವ ಬಾಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೇನನು ೧೭೩೭ರಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ಕ್ವೇಕರ್ ಪಂಥಕ್ಕೆ ಸೇರಿದವನು. ಆ ಕಾಲದ ಹೆಂಗಸರು ಉಡುಪಿನೊಳಗೆ ತೊಡುತ್ತಿದ್ದ ಬಿಗಿಯಂಗಿಗಳನ್ನು ಹೊಲಿಯುವುದು ಅವನ ಕಸಬು. ಮಗನಿಗೆ ಸುಮಾರು ೧೩ ವರ್ಷ ತುಂಬುವವರೆಗೆ ಶಾಲೆಗೆ ಕಳುಹಿಸಿದ ತಂದೆ, ಮುಂದೆ ಅವನನ್ನು ತನ್ನ ಕಸಬಿಗೇ ಕೂಡಿಸಿಕೊಂಡನು. ಹುಡುಗನಿಗೆ ಆ ಕೆಲಸ ಹಿಡಿಸಲಿಲ್ಲ. ಕೆಲಕಾಲ ಹಡಗಿನಲ್ಲಿ ದುಡಿದನು, ಬಿಗಿಯಂಗಿಯ ಅಂಗಡಿಯಿಟ್ಟು ಸೋತನು. ೧೭೫೯ರಲ್ಲಿ ಕೈಹಿಡಿದ ಹೆಂಡತಿ ಮರುವರ್ಷವೇ ತೀರಿಕೊಂಡಳು. ಬಳಿಕ ಸುಂಕ ವಸೂಲಿಯ ಸಣ್ಣ ನೌಕರಿಯೊಂದು ಸಿಕ್ಕಿತು. ಅದನ್ನೂ ಒಮ್ಮೆ ಕಳೆದುಕೊಂಡು ಮತ್ತೆ ಪಡೆಯಬೇಕಾಯಿತು.

ಈ ನೌಕರಿಯಲ್ಲಿದ್ದಾಗಲೇ ಅವನ ಲೇಖನಿ ಮೊದಲ ಬಾರಿಗೆ ಪರರಿಗಾಗಿ ಓಡಿತು. ಸುಂಕದ ನೌಕರರ ಸಂಬಳ ಹೊಟ್ಟೆಬಟ್ಟೆಗೆ ಸಾಲದಾಗಿತ್ತು. ಅವರೆಲ್ಲರ ಪರವಾಗಿ ಪೇನನು ೧೭೭೨ರಲ್ಲಿ ಪಾರ್ಲಿಮೆಂಟಿಗೆ ಒಂದು ಮನವಿಯನ್ನು ಬರೆದನು. ಹಸಿದವನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಕಷ್ಟವೆಂಬುದು ಅದರ ತಿರುಳು. ಮನವಿಗೆ ಫಲ ಸಿಗಲಿಲ್ಲ. ೧೭೭೪ರಲ್ಲಿ ಕೆಲಸ ಹೋಯಿತು, ಮನೆಯ ಸಾಮಾನು ಹರಾಜಾಯಿತು, ಎರಡನೆಯ ಹೆಂಡತಿಯೊಡನೆಯೂ ಸಂಬಂಧ ಮುರಿಯಿತು. ಹೀಗೆ ೩೭ನೆಯ ವಯಸ್ಸಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನಿಂತವನಿಗೆ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ನನು ಒಂದು ಪರಿಚಯಪತ್ರವನ್ನು ಕೊಟ್ಟನು. ಅದನ್ನು ಹಿಡಿದು ಪೇನನು ಅಮೆರಿಕಕ್ಕೆ ಹೊರಟನು. ಹಡಗಿನಲ್ಲಿ ಜ್ವರ ಹಬ್ಬಿತ್ತು. ೧೭೭೪ರ ನವೆಂಬರ್ ಕೊನೆಯಲ್ಲಿ ಫಿಲಡೆಲ್ಫಿಯ ಸೇರಿದಾಗ ಅವನನ್ನು ಹೊತ್ತು ಇಳಿಸಬೇಕಾಯಿತಂತೆ.

ಅಷ್ಟುಹೊತ್ತಿಗೆ ಅಮೆರಿಕದ ೧೩ ವಸಾಹತುಗಳಲ್ಲಿ ಅಸಮಾಧಾನದ ಬೆಂಕಿ ಹೊಗೆಯಾಡುತ್ತಿತ್ತು. ಇದರ ಕಾರಣವನ್ನು ತಿಳಿಯದೆ ಪೇನನ ಕಾರ್ಯದ ಮಹತ್ವ ತಿಳಿಯದು. ೧೭೬೩ರಲ್ಲಿ ಮುಗಿದ ಏಳು ವರ್ಷಗಳ ಯುದ್ಧ ಬ್ರಿಟನ್ನಿನ ತಲೆಯ ಮೇಲೆ ಭಾರಿ ಸಾಲವನ್ನು ಹೊರಿಸಿತ್ತು. ಆ ಹೊರೆಯಲ್ಲಿ ವಸಾಹತುಗಳೂ ಪಾಲು ಹೊರಲೆಂದು ಬ್ರಿಟಿಷ್ ಪಾರ್ಲಿಮೆಂಟು ೧೭೬೫ರಲ್ಲಿ ಸ್ಟಾಂಪು ಕಾಯಿದೆಯನ್ನು ತಂದಿತು. ವೃತ್ತಪತ್ರಿಕೆ, ಕರಾರುಪತ್ರ, ಕೊನೆಗೆ ಇಸ್ಪೀಟು ಎಲೆಗೂ ತೆರಿಗೆ! ಜನ ಸಿಡಿದೆದ್ದರು. ತೆರಿಗೆಯ ಮೊತ್ತಕ್ಕಿಂತ ಅದರ ಹಿಂದಿದ್ದ ತತ್ತ್ವವೇ ಅವರನ್ನು ಕೆರಳಿಸಿತು. ಆ ಪಾರ್ಲಿಮೆಂಟಿನಲ್ಲಿ ತಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದಿರುವಾಗ, ತಮ್ಮ ಒಪ್ಪಿಗೆಯಿಲ್ಲದೆ ತಮ್ಮ ಹಣವನ್ನು ಕೀಳಲು ಅದಕ್ಕೇನು ಅಧಿಕಾರವೆಂಬುದೇ ಅವರ ಪ್ರಶ್ನೆ. ಮರುವರ್ಷ ಕಾಯಿದೆ ರದ್ದಾಯಿತು. ಆದರೆ ವಸಾಹತುಗಳ ಮೇಲೆ ಯಾವ ಕಾನೂನನ್ನಾದರೂ ಮಾಡುವ ಹಕ್ಕು ತನಗುಂಟೆಂದು ಪಾರ್ಲಿಮೆಂಟು ಜೊತೆಯಲ್ಲೇ ಸಾರಿತು. ೧೭೭೦ರಲ್ಲಿ ಬಾಸ್ಟನ್ ನಗರದಲ್ಲಿ ಸಿಪಾಯಿಗಳ ಗುಂಡಿಗೆ ಐವರು ಬಲಿಯಾದರು. ೧೭೭೩ರ ಡಿಸೆಂಬರ್ ೧೬ರಂದು ಅದೇ ಊರಿನ ಜನ ೩೪೨ ಪೆಟ್ಟಿಗೆ ಚಹವನ್ನು ಸಮುದ್ರಕ್ಕೆ ಸುರಿದರು. ಆ ಚಹ ಯಾರದು? ಬಂಗಾಳವನ್ನು ನುಂಗಿ, ನಮ್ಮ ಹೈದರ್ ಅಲಿಯೊಡನೆ ೧೭೬೭ರಿಂದ ೧೭೬೯ರವರೆಗೆ ಕಾದಾಡಿದ ಅದೇ ಈಸ್ಟ್ ಇಂಡಿಯಾ ಕಂಪೆನಿಯದು! ಇದಕ್ಕೆ ದಂಡನೆಯಾಗಿ ಬ್ರಿಟನ್ ಬಾಸ್ಟನ್ ಬಂದರನ್ನೇ ಮುಚ್ಚಿತು. ೧೭೭೫ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಯುದ್ಧವೇ ಆರಂಭವಾಯಿತು.

ಯುದ್ಧ ನಡೆಯುತ್ತಿದ್ದರೂ ಬಹುಮಂದಿ ಬಯಸಿದ್ದು ಸ್ವಾತಂತ್ರ್ಯವನ್ನಲ್ಲ, ದೊರೆಯ ಛತ್ರದ ಕೆಳಗೆ ತಮ್ಮ ಹಳೆಯ ಹಕ್ಕುಗಳನ್ನು. ತಪ್ಪು ಮಂತ್ರಿಗಳದು, ದೊರೆ ಒಳ್ಳೆಯವನು ಎಂಬ ನಂಬಿಕೆ ಅವರದು. ಸಂಧಾನದ ಅರ್ಜಿಯನ್ನು ಮೂರನೆಯ ಜಾರ್ಜ್ ದೊರೆ ಸ್ವೀಕರಿಸದೆ ಹೋದರೂ ಆ ನಂಬಿಕೆ ಪೂರ್ತಿಯಾಗಿ ಅಳಿದಿರಲಿಲ್ಲ. ಅದರ ಬುಡಕ್ಕೆ ಕೊಡಲಿಯಿಟ್ಟವನು ಪೇನ್. ೧೭೭೬ರ ಜನವರಿ ೧೦ರಂದು ಅವನ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆ, ಬರೆದವನ ಹೆಸರಿಲ್ಲದೆಯೇ, ಹೊರಬಿದ್ದಿತು. ಹುಟ್ಟಿನಿಂದ ಬರುವ ಅರಸೊತ್ತಿಗೆ ವಿವೇಕಕ್ಕೆ ಒಪ್ಪುವಂತಹುದಲ್ಲ. ಪುಟ್ಟ ದ್ವೀಪವೊಂದು ಮಹಾಖಂಡವನ್ನು ಎಂದೆಂದಿಗೂ ಆಳುವುದು ಪ್ರಕೃತಿಗೇ ವಿರುದ್ಧ. ಇನ್ನು ಪ್ರಜೆಗಳೇ ತಮ್ಮ ಕಾನೂನನ್ನು ದೊರೆಯ ಸ್ಥಾನದಲ್ಲಿರಿಸಿ ಗಣರಾಜ್ಯವನ್ನು ಕಟ್ಟಿಕೊಳ್ಳಲಿ — ಇದು ಅದರ ಸಾರ. ವಿದ್ವಾಂಸರು ಲ್ಯಾಟಿನ್ ಉದ್ಧರಣೆಗಳ ನಡುವೆ ಬರೆಯುತ್ತಿದ್ದ ಕಾಲದಲ್ಲಿ ಪೇನನು ಬೈಬಲ್ಲನ್ನು ಬಲ್ಲ ರೈತನಿಗೂ ಕಮ್ಮಾರನಿಗೂ ಅರ್ಥವಾಗುವ ನುಡಿಯಲ್ಲಿ ಬರೆದನು. ಒಂದೇ ವರ್ಷದಲ್ಲಿ ಪುಸ್ತಕ ೨೦ಕ್ಕೂ ಹೆಚ್ಚು ಬಾರಿ ಮುದ್ರಣಗೊಂಡಿತು. ಓದಲು ಬಾರದವರಿಗೆ ಬಲ್ಲವರು ಗಟ್ಟಿಯಾಗಿ ಓದಿ ಹೇಳಿದರು. ತನ್ನ ಪಾಲಿನ ಲಾಭವನ್ನು ಪೇನನು ಚಳಿಯಲ್ಲಿ ಹೋರಾಡುವ ಸೈನಿಕರ ಕೈಗವಸುಗಳಿಗೆಂದು ಬಿಟ್ಟುಕೊಟ್ಟನು.

ಆರು ತಿಂಗಳೊಳಗೆ, ೧೭೭೬ರ ಜುಲೈ ೪ರಂದು, ಜೆಫರ್ಸನ್ ರಚಿಸಿದ ಸ್ವಾತಂತ್ರ್ಯ ಘೋಷಣೆಯನ್ನು ವಸಾಹತುಗಳ ಕಾಂಗ್ರೆಸ್ಸು ಅಂಗೀಕರಿಸಿತು. ಮಾನವರೆಲ್ಲರೂ ಸಮಾನರು, ಬದುಕು, ಸ್ವಾತಂತ್ರ್ಯ, ಸುಖದ ಅನ್ವೇಷಣೆ ಇವು ಯಾರೂ ಕಸಿಯಲಾರದ ಹಕ್ಕುಗಳು, ಆಳುವವರ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆಯೇ ಮೂಲ, ಆ ಹಕ್ಕುಗಳನ್ನು ತುಳಿಯುವ ಸರಕಾರವನ್ನು ಬದಲಿಸಲು ಜನರಿಗೆ ಅಧಿಕಾರವುಂಟು ಎಂಬ ಆದರ್ಶಗಳನ್ನು ಅದು ಜಗತ್ತಿಗೆ ಸಾರಿತು. ಆದರೆ ಸತ್ಯವನ್ನು ಮರೆಮಾಚಬಾರದು. ಹೀಗೆ ಬರೆದ ಜೆಫರ್ಸನ್ನನೇ ನೂರಾರು ಗುಲಾಮರ ಒಡೆಯನಾಗಿದ್ದನು. ಗುಲಾಮರ ವ್ಯಾಪಾರವನ್ನು ಖಂಡಿಸಿ ಕರಡಿನಲ್ಲಿ ಅವನು ಸೇರಿಸಿದ್ದ ಭಾಗವನ್ನು ಕಾಂಗ್ರೆಸ್ಸು ಹೊಡೆದುಹಾಕಿತು. ಮೂಲನಿವಾಸಿಗಳನ್ನು ಘೋಷಣೆ ಅನಾಗರಿಕರೆಂದು ಜರೆಯಿತು. ಹೆಂಗಸರ ಮಾತೇ ಅಲ್ಲಿಲ್ಲ. ದೇಶಾದ್ಯಂತ ಗುಲಾಮಗಿರಿ ಅಳಿದದ್ದು ೧೮೬೫ರಲ್ಲಿ. ಪೇನನಾದರೋ ಗುಲಾಮಗಿರಿಯ ವಿರೋಧಿ. ೧೭೮೦ರಲ್ಲಿ ಪೆನ್ಸಿಲ್ವೇನಿಯದ ಶಾಸನಸಭೆ ಗುಲಾಮಗಿರಿಯನ್ನು ಕ್ರಮಕ್ರಮವಾಗಿ ಅಳಿಸುವ ಕಾನೂನನ್ನು ಮಾಡಿದಾಗ ಆ ಸಭೆಯ ಗುಮಾಸ್ತನಾಗಿದ್ದವನು ಇವನೇ.

ಯುದ್ಧಕಾಲದಲ್ಲಿ ಪೇನನು ಸೇನೆಯೊಡನೆ ನಡೆದನು. ೧೭೭೬ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನನ ಪಡೆ ಸೋತು ಹಿಮ್ಮೆಟ್ಟುತ್ತಿದ್ದಾಗ ‘ಅಮೆರಿಕನ್ ಕ್ರೈಸಿಸ್’ ಎಂಬ ಲೇಖನಮಾಲೆಯನ್ನು ಆರಂಭಿಸಿ ಎದೆಗುಂದಿದವರಿಗೆ ಧೈರ್ಯ ತುಂಬಿದನು. ಅದೇ ತಿಂಗಳಲ್ಲಿ ಆ ಪಡೆ ಡೆಲವೇರ್ ನದಿಯನ್ನು ದಾಟಿ ಟ್ರೆಂಟನ್ನಿನಲ್ಲಿ ಗೆದ್ದಿತು. ಇಲ್ಲಿ ಕನ್ನಡಿಗರಿಗೆ ಸಂತೋಷದ ಸಂಗತಿಯೊಂದುಂಟು: ೧೭೮೨ರಲ್ಲಿ ಪೆನ್ಸಿಲ್ವೇನಿಯದವರ ಯುದ್ಧನೌಕೆಯೊಂದು ಹೈದರ್ ಅಲಿಯ ಹೆಸರನ್ನೇ ಹೊತ್ತು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿಯಿತು. ೧೭೮೩ರಲ್ಲಿ ಬ್ರಿಟನ್ ಸೋಲನ್ನೊಪ್ಪಿ ಒಪ್ಪಂದ ಮಾಡಿಕೊಂಡಿತು.

ಮತ್ತೊಬ್ಬನಾಗಿದ್ದರೆ ಇಲ್ಲಿಗೆ ವಿಶ್ರಮಿಸುತ್ತಿದ್ದನು. ೧೭೮೭ರಲ್ಲಿ ಯೂರೋಪಿಗೆ ಮರಳಿದ ಪೇನನು ೧೭೯೧–೯೨ರಲ್ಲಿ ‘ಮಾನವನ ಹಕ್ಕುಗಳು’ ಎಂಬ ಗ್ರಂಥವನ್ನು ಪ್ರಕಟಿಸಿ, ಮುದುಕರಿಗೆ ವೇತನವೂ ಬಡಮಕ್ಕಳಿಗೆ ವಿದ್ಯೆಯೂ ಸರಕಾರದ ಹೊಣೆಯೆಂದು ವಾದಿಸಿದನು. ಇಂಗ್ಲೆಂಡು ಅವನನ್ನು ರಾಜದ್ರೋಹಿಯೆಂದಿತು. ಫ್ರಾನ್ಸು ತನ್ನ ರಾಷ್ಟ್ರಸಭೆಗೆ ಆರಿಸಿತು. ಅರಸೊತ್ತಿಗೆಯನ್ನು ದ್ವೇಷಿಸಿದವನು ಅಲ್ಲಿ ಪದಚ್ಯುತ ದೊರೆ ಲೂಯಿಯ ಪ್ರಾಣ ತೆಗೆಯಬಾರದೆಂದು ವಾದಿಸಿದನು! ಅದರಿಂದ ಉಗ್ರ ಕ್ರಾಂತಿಕಾರರ ಕಣ್ಣಿಗೆ ಬಿದ್ದು, ೧೭೯೩ರ ಡಿಸೆಂಬರಿನಿಂದ ಸುಮಾರು ಹತ್ತು ತಿಂಗಳು ಸೆರೆಮನೆಯಲ್ಲಿ ನರಳಿದನು. ಮತಸಂಸ್ಥೆಗಳನ್ನು ಟೀಕಿಸಿ ಬರೆದ ‘ಏಜ್ ಆಫ್ ರೀಸನ್’ ಗ್ರಂಥ ಅವನ ಉಳಿದ ಮಿತ್ರರನ್ನೂ ದೂರಮಾಡಿತು. ೧೮೦೨ರಲ್ಲಿ ಅಮೆರಿಕಕ್ಕೆ ಹಿಂದಿರುಗಿದವನನ್ನು ಜನ ನಾಸ್ತಿಕನೆಂದು ಹಳಿದರು. ಒಂದು ಚುನಾವಣೆಯಲ್ಲಿ, ಅವನು ಆ ದೇಶದ ಪ್ರಜೆಯೇ ಅಲ್ಲವೆಂದು ಮತ ಹಾಕಲು ಬಿಡಲಿಲ್ಲ. ೧೮೦೯ರ ಜೂನ್ ೮ರಂದು ನ್ಯೂಯಾರ್ಕಿನಲ್ಲಿ ಅವನು ಕಣ್ಣುಮುಚ್ಚಿದಾಗ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಹತ್ತು ವರ್ಷಗಳ ಮೇಲೆ ಅಭಿಮಾನಿಯೊಬ್ಬನು ಅವನ ಎಲುಬುಗಳನ್ನು ಅಗೆದು ಇಂಗ್ಲೆಂಡಿಗೆ ಒಯ್ದನು, ಅವೂ ಕಾಣೆಯಾದವು.

ಆದರೆ ಬರಹ ಕಾಣೆಯಾಗಲಿಲ್ಲ. ಪುಣೆಯ ತರುಣ ಜ್ಯೋತಿಬಾ ಫುಲೆಯವರು ‘ಮಾನವನ ಹಕ್ಕುಗಳು’ ಗ್ರಂಥವನ್ನು ಓದಿ ಪ್ರಭಾವಿತರಾದರು. ೧೮೭೩ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು, ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಸಜ್ಜನರಿಗೇ ಅವರು ಅರ್ಪಿಸಿದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಂದೆಯವರು ಹೆಬ್ಬೆಟ್ಟು ಒತ್ತುವವರು. ಕಳೆದ ದೀಪಾವಳಿಯ ರಜೆಯಲ್ಲಿ ಅವರಿಗೆ ಈ ಕಥೆಯನ್ನು ಹೇಳಿದೆ. ಎಲ್ಲವನ್ನೂ ಕೇಳಿ, ಅಷ್ಟು ಬರೆದವನಿಗೆ ಕೊನೆಗೆ ಸಿಕ್ಕಿದ್ದೇನು ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ನೆರೆಮನೆಯ ಅಜ್ಜಿ ವೃದ್ಧಾಪ್ಯ ವೇತನದ ಅರ್ಜಿ ಬರೆಸಿಕೊಳ್ಳಲು ಬಂದರು. ಪ್ರತಿ ರಜೆಯಲ್ಲೂ ಇಂತಹ ಅರ್ಜಿಗಳನ್ನು ಬರೆಯುವುದು ನನಗೆ ಬೇಸರದ ಕೆಲಸವಾಗಿತ್ತು. ಅಂದು ಬೇಸರವಾಗಲಿಲ್ಲ. ಪೇನನೂ ಮೊದಲು ಬರೆದದ್ದು ಇಲ್ಲದವರ ಪರವಾದ ಒಂದು ಮನವಿಯನ್ನೇ ಅಲ್ಲವೇ? ನಾವು ಕಲಿತ ನಾಲ್ಕಕ್ಷರ ನಮ್ಮ ನೌಕರಿಗೆ ಮಾತ್ರ ಮೀಸಲಾಗದಿರಲಿ ಎಂದು ಸಹಪಾಠಿಗಳಲ್ಲಿ ವಿನಂತಿಸಿ ವಿರಮಿಸುತ್ತೇನೆ.