ಕೋಲಾರಕ್ಕೆ ತಂತಿ ಎಳೆಸಿದ ದಿವಾನರು

ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡ್ ಸೀಮೆಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು 1868ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದರು. 1883ರಲ್ಲಿ ರಂಗಾಚಾರ್ಲು ಅವರು ತೀರಿಕೊಂಡಾಗ ದಿವಾನರಾದರು. ಮುಂದೆ 18 ವರ್ಷ ಆ ಹುದ್ದೆಯಲ್ಲೇ ಇದ್ದರು. ಅವರು ಓದಿದ್ದು ಕಾನೂನು, ಎಂಜಿನಿಯರಿಂಗ್ ಅಲ್ಲ. ಆದರೂ ಅವರ ಕಾಲದ ಅತಿ ದೊಡ್ಡ ಕೆಲಸ ಒಂದು ತಂತಿಯದು.

ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ಶಕ್ತಿ ಬೇಕಿತ್ತು. ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಳು. ನಮ್ಮ ಗೋಕಾಕ ಫಾಲ್ಸಿನ ನೂಲಿನ ಗಿರಣಿ ಜಲಪಾತದ ಮಗ್ಗುಲಲ್ಲೇ ಇದೆ. ಕೋಲಾರದ ಗಣಿ ಹಾಗಲ್ಲ, ಕಾವೇರಿಯಿಂದ 92 ಮೈಲಿ ದೂರ. ಅಷ್ಟು ದೂರ ವಿದ್ಯುತ್ ಒಯ್ಯುವ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರು ಮುಂದಿಟ್ಟರು.

ತೊಡಕು ಇದ್ದದ್ದು ತಂತಿಯಲ್ಲೇ. ಉದ್ದ ಎರಡು ಪಟ್ಟಾದರೆ ತಂತಿಯ ರೋಧವೂ ಎರಡು ಪಟ್ಟಾಗುತ್ತದೆ, ದಾರಿಯಲ್ಲೇ ವಿದ್ಯುತ್ ಶಾಖವಾಗಿ ಸೋರುತ್ತದೆ. ತಂತಿ ದಪ್ಪ ಮಾಡಬಹುದು. ವ್ಯಾಸ ಎರಡು ಪಟ್ಟಾದರೆ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ತಾಮ್ರ ನಾಲ್ಕು ಪಟ್ಟು ಬೇಕು! ಖರ್ಚಿನ ಕಲಂ ನೋಡುವ ನಮ್ಮಂಥ ಕಾಮರ್ಸ್‌ನವರಿಗೆ ಇದು ಬೇಗ ಅರ್ಥವಾಗುತ್ತದೆ. ಉದ್ದ, ದಪ್ಪ ಏನೇ ಮಾಡಿದರೂ ರೋಧಶೀಲತೆ ಮಾತ್ರ ಬದಲಾಗದು. ಅದು ತಂತಿಯ ಅಳತೆಗೆ ಸೇರಿದ್ದಲ್ಲ, ತಾಮ್ರದ ಗುಣ.

ಹಾಗಾದರೆ ದಾರಿ? ವೋಲ್ಟೇಜ್ ಏರಿಸುವುದು. ಅಷ್ಟೇ ಶಕ್ತಿಯನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಅರ್ಧವಾಗುತ್ತದೆ, ಅದೇ ತಂತಿಯಲ್ಲಿ ನಷ್ಟ ಕಾಲು ಭಾಗಕ್ಕೆ ಬರುತ್ತದೆ. ಶಿವನಸಮುದ್ರದ ಲೈನಿಗೆ 35,000 ವೋಲ್ಟ್ ನಿಗದಿಯಾಯಿತು. ಆಗ ಜಗತ್ತಿನಲ್ಲೇ ಇಷ್ಟು ಉದ್ದದ ಲೈನುಗಳು ತೀರಾ ವಿರಳ. ಕೆಟ್ಟರೆ ಸಂಸ್ಥಾನದ ಹಣ ನೀರುಪಾಲು. ದಿವಾನರು ಹಿಂಜರಿಯಲಿಲ್ಲ. ಹಾಗೆಂದು ಕಣ್ಣು ಮುಚ್ಚಿಯೂ ಹಾರಲಿಲ್ಲ. ವಿದ್ಯುತ್ ಕೊಳ್ಳುವುದಾಗಿ ಗಣಿ ಕಂಪನಿಗಳ ಜೊತೆ ಮೊದಲೇ ಒಪ್ಪಂದವಾಗಿತ್ತು. ನನಗೆ ಅವರ ಧೈರ್ಯಕ್ಕಿಂತ ಈ ಲೆಕ್ಕಾಚಾರವೇ ಹೆಚ್ಚು ಹಿಡಿಸಿತು.

ಕಂಬಗಳು ಏಳುತ್ತಿದ್ದಾಗಲೇ ಅವರ ಆರೋಗ್ಯ ಕೆಟ್ಟಿತು. 1901ರಲ್ಲಿ ನಿವೃತ್ತರಾದರು, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕಾವೇರಿಯ ವಿದ್ಯುತ್ ಕೋಲಾರದ ಗಣಿ ಮುಟ್ಟಿದ್ದು 1902ರ ಜೂನ್ 30ರಂದು. ಮೂರು ವರ್ಷದ ನಂತರ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿದೀಪಗಳೂ ಅದೇ ಶಿವನಸಮುದ್ರದ ವಿದ್ಯುತ್ತಿನಿಂದ ಹೊತ್ತಿದವು.