ಕಣಜ ಒಮ್ಮೆ ಕಚ್ಚಿದರೆ ಮೈ ಒಗ್ಗಿಕೊಳ್ಳುತ್ತದೆಯೇ? ಚಾರ್ಲ್ಸ್ ರಿಶೆ ಕಂಡುಕೊಂಡದ್ದು ಬೇರೆ

ಹೊಲದಲ್ಲಿ ಕಣಜ ಕಚ್ಚಿದರೆ ಸುಣ್ಣ ಹಚ್ಚಿಕೊಂಡು ಮತ್ತೆ ಕೆಲಸಕ್ಕೆ ಇಳಿಯುವುದು ಪಾಮನಕಲ್ಲೂರಿನಂಥ ಊರುಗಳಲ್ಲಿ ಹೊಸದೇನಲ್ಲ. ಹಿಂದೆಯೂ ಕಚ್ಚಿದೆ, ಏನೂ ಆಗಿಲ್ಲ, ಮೈಗೆ ರೂಢಿಯಾಗಿದೆ ಎಂಬ ಧೈರ್ಯ ಅದು. ಈ ಧೈರ್ಯ ಯಾಕೆ ಅಪಾಯಕಾರಿ ಎಂದು ತಿಳಿಯಲು ಫ್ರಾನ್ಸಿನ ಒಬ್ಬ ವಿಜ್ಞಾನಿಯ ಬದುಕನ್ನು ನೋಡಬೇಕು.

ಚಾರ್ಲ್ಸ್ ರಿಶೆ ಹುಟ್ಟಿದ್ದು 1850ರ ಆಗಸ್ಟ್ ತಿಂಗಳಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಹೆಸರಾಂತ ಶಸ್ತ್ರಚಿಕಿತ್ಸಕರು. ಮಗನೂ ವೈದ್ಯಕೀಯ ಓದಿದರು, ಆದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಸಂಶೋಧನೆಯತ್ತ ವಾಲಿದರು. 1887ರಲ್ಲಿ ಪ್ಯಾರಿಸ್‌ನಲ್ಲೇ ಶರೀರಶಾಸ್ತ್ರದ ಪ್ರಾಧ್ಯಾಪಕರಾದರು. ಲಸಿಕೆಗಳು ಭರವಸೆ ಹುಟ್ಟಿಸಿದ್ದ ಕಾಲವದು. ಸ್ವಲ್ಪ ವಿಷ ಕಂಡ ದೇಹ ಮುಂದಿನ ಸಲಕ್ಕೆ ಸಜ್ಜಾಗಿರುತ್ತದೆ ಎಂಬುದೇ ಅಂದಿನ ತಿಳಿವಳಿಕೆ.

1901ರಲ್ಲಿ ಮೊನಾಕೊದ ರಾಜಕುಮಾರ ಒಂದನೇ ಆಲ್ಬರ್ಟ್ ಅವರ ಹಡಗಿನಲ್ಲಿ ರಿಶೆ, ಪಾಲ್ ಪೋರ್ಟಿಯೆ ಜೊತೆ ಸಮುದ್ರಯಾನ ಹೊರಟರು. ಕುಟುಕುವ ಕಡಲಜೀವಿಗಳ ವಿಷವನ್ನು ಪರೀಕ್ಷಿಸುವುದು ಕೆಲಸ. ಮರಳಿದ ಮೇಲೆ ಪ್ಯಾರಿಸ್‌ನಲ್ಲಿ ಸೀ ಅನಿಮೋನ್ ಎಂಬ ಜೀವಿಯ ವಿಷದಿಂದ ಪ್ರಯೋಗ ಮುಂದುವರಿಯಿತು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಅಲ್ಪ ಪ್ರಮಾಣದ ವಿಷ ಕೊಟ್ಟಾಗ ಅದು ತಡೆದುಕೊಂಡಿತು. ಸುಮಾರು ಮೂರು ವಾರ ಬಿಟ್ಟು ಮತ್ತೆ ಅಲ್ಪ ಪ್ರಮಾಣವನ್ನೇ ಕೊಟ್ಟರು. ಕೆಲವೇ ಸೆಕೆಂಡುಗಳಲ್ಲಿ ಉಸಿರು ಕಟ್ಟಿತು, ನಾಯಿ ಕುಸಿದು ವಾಂತಿ ಮಾಡಿಕೊಂಡಿತು. 25 ನಿಮಿಷಗಳಲ್ಲಿ ಸತ್ತುಹೋಯಿತು.

ಮೊದಲ ಸಲದ ವಿಷ ನಾಯಿಯನ್ನು ಕಾಯಲಿಲ್ಲ, ಎರಡನೇ ಸಲಕ್ಕೆ ಅದನ್ನು ಇನ್ನಷ್ಟು ಸೂಕ್ಷ್ಮವಾಗಿಸಿತ್ತು. 1902ರ ಫೆಬ್ರವರಿಯಲ್ಲಿ ಇದನ್ನು ಪ್ರಕಟಿಸಿದ ರಿಶೆ, ರಕ್ಷಣೆಗೆ ವಿರುದ್ಧ ಎಂಬ ಅರ್ಥದಲ್ಲಿ ಅನಾಫಿಲ್ಯಾಕ್ಸಿಸ್ ಎಂಬ ಹೆಸರು ಕೊಟ್ಟರು. 1913ರಲ್ಲಿ ನೊಬೆಲ್ ಬಂತು.

ಅವರು ಹೇಳಿದ್ದೆಲ್ಲ ಸರಿಯಾಗಿತ್ತು ಎಂದಲ್ಲ. ಪ್ರೇತಗಳ ಜೊತೆ ಮಾತಾಡುತ್ತೇವೆ ಎನ್ನುವವರನ್ನು ನಂಬಿದರು, ಜನಾಂಗಭೇದದ ವಿಚಾರಗಳನ್ನು ಬೆಂಬಲಿಸಿದರು. ಅದನ್ನೆಲ್ಲ ವಿಜ್ಞಾನ ಕೈಬಿಟ್ಟಿದೆ. 1935ರ ಡಿಸೆಂಬರ್ 4ರಂದು ಅವರು ತೀರಿಕೊಂಡರು. ಅನಾಫಿಲ್ಯಾಕ್ಸಿಸ್ ಮಾತ್ರ ಇಂದಿಗೂ ಪ್ರತಿ ತುರ್ತು ಚಿಕಿತ್ಸಾ ಘಟಕಕ್ಕೆ ಗೊತ್ತಿರುವ ಮಾತು.

ಕಣಜ, ಜೇನು, ಹೆಜ್ಜೇನು ಕಚ್ಚಿದಾಗ ನಡೆಯುವುದೂ ಇದೇ. ಹೆಚ್ಚಿನವರಿಗೆ ನೋವು, ಊತ ಅಷ್ಟೇ. ಕೆಲವರ ದೇಹ ಮಾತ್ರ ಮೊದಲ ಕಡಿತದ ನಂತರ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಮುಂದೊಮ್ಮೆ ಕಚ್ಚಿದಾಗ ಹಿಸ್ಟಮಿನ್ ಮುಂತಾದವು ಒಮ್ಮೆಲೇ ಬಿಡುಗಡೆಯಾಗಿ ಬಿಪಿ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇದಕ್ಕೆ ಒಂದೇ ಕಡಿತ ಸಾಕು. ವಿಷಕ್ಕೆ ದೇಹವನ್ನು ಒಗ್ಗಿಸುವ ಚಿಕಿತ್ಸೆ ಇದೆ ನಿಜ. ಆದರೆ ಅದು ತಜ್ಞರ ಕಣ್ಗಾವಲಿನಲ್ಲಿ ಅಳೆದು ಕೊಡುವಂಥದ್ದು, ಹೊಲದಲ್ಲಿ ತಾನಾಗಿ ಆಗುವುದಲ್ಲ.

ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆ ಊತ, ಉಸಿರಾಟದ ತೊಂದರೆ, ವಾಂತಿ, ತಲೆಸುತ್ತು ಕಂಡರೆ ಸುಣ್ಣ, ಅರಿಶಿನ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಅವರನ್ನು ನಡೆಸಬೇಡಿ, ಮಲಗಿಸಿ. ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ. ಇದಕ್ಕೆ ಮೊದಲ ಔಷಧ ಅಡ್ರಿನಾಲಿನ್, ತೊಡೆಯ ಹೊರಭಾಗಕ್ಕೆ ಕೊಡುವ ಚುಚ್ಚುಮದ್ದು. ಹತ್ತಾರು ಹುಳುಗಳು ಒಟ್ಟಿಗೆ ಕಚ್ಚಿದ್ದರೆ ಅಲರ್ಜಿ ಇಲ್ಲದವರಿಗೂ ಅಪಾಯವಿದೆ. ವಿಷದಿಂದ ಸ್ನಾಯುಗಳು ಹಾಳಾಗಿ ಕಿಡ್ನಿ ಕೈಕೊಡಬಹುದು. ಮೂತ್ರ ಕಪ್ಪಾಗುವುದು, ಕಡಿಮೆಯಾಗುವುದು ಒಂದೆರಡು ದಿನ ಕಳೆದ ಮೇಲೂ ಕಾಣಿಸಬಹುದು.

ನೆಪ್ಚೂನ್‌ಗೆ ಸಿಕ್ಕಿದ್ದು 25 ನಿಮಿಷ. ಮನುಷ್ಯರಲ್ಲೂ ಇದು ನಿಮಿಷಗಳ ಲೆಕ್ಕವೇ. ಹೊಲದಿಂದ ಊರಿಗೆ, ಊರಿನಿಂದ ಸಿಂಧನೂರಿಗೋ ಲಿಂಗಸುಗೂರಿಗೋ ಹೋಗಬೇಕಾದವರು ಮನೆಮದ್ದು ಹುಡುಕುತ್ತ ಕೂತರೆ ಆ ಸಮಯ ಅಲ್ಲೇ ಮುಗಿದಿರುತ್ತದೆ.